ಧರ್ಮಪ್ಪ ಹೋದರು, ಹತ್ತು ನಿಮಿಷದ ಹಿಂದೆ

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ಮಹೇಶ್ವರಪ್ಪನವರ ಕಚೇರಿ ಇತ್ತು. ಅವರು ಮೊದಲು ಪಂಪ್‌ಸೆಟ್ ಮಾರುತ್ತಿದ್ದವರು. ನಾಲೆಯ ನೀರು ತಮ್ಮ ಗದ್ದೆಗೆ ಯಾವಾಗ ಬರುತ್ತದೋ ತಿಳಿಯದೆ ರೈತರು ತೂಬಿನ ಹತ್ತಿರ ಬೀಡಿ ಸೇದುತ್ತ ಕೂತಿರುವುದನ್ನು ವರ್ಷಗಟ್ಟಲೆ ನೋಡಿ, ಇದಕ್ಕೊಂದು ಆ್ಯಪ್ ಮಾಡಿಸಬೇಕೆಂದು ಹೊರಟರು. ನೀರುಗಂಟಿ ತೂಬು ಎತ್ತಿದ ಮೇಲೆ ತನ್ನ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಆ ತೂಬಿನ ಕೆಳಗಿನ ರೈತರಿಗೆಲ್ಲ ಸಂದೇಶ ಹೋಗುತ್ತಿತ್ತು. ಸೂಳೆಕೆರೆ ಕೆಳಗಿನ ಹಳ್ಳಿಗಳೂ ಹೊನ್ನಾಳಿ ಕಡೆಯ ಕೆಲವು ನೀರು ಬಳಕೆದಾರರ ಸಂಘಗಳೂ ಇದಕ್ಕೆ ಸೇರಿಕೊಂಡಿದ್ದವು.

ಆ್ಯಪ್ ಕಟ್ಟುತ್ತಿದ್ದವರು ಇಬ್ಬರು. ನಲ್ಲೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಮಮತಾ ಒಬ್ಬಳು, ಜಗಳೂರಿನ ತಿಪ್ಪೇರುದ್ರ ಇನ್ನೊಬ್ಬ. ಮಮತಾಳಿಗೆ ಯಾವ ವಿಷಯವನ್ನೂ ಎರಡು ಸಲ ವಿವರಿಸುವುದರಲ್ಲಿ ಬೇಸರವಿರಲಿಲ್ಲ. ತಿಪ್ಪೇರುದ್ರ ಒಂದು ಸಲವೂ ವಿವರಿಸುತ್ತಿರಲಿಲ್ಲ.

ಒಮ್ಮೆ ಹೊನ್ನಾಳಿಯಲ್ಲಿ ನಡೆದ ಸಂಘಗಳ ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಿದರು. "ನಿಮ್ಮ ಹುಡುಗ್ರು ದಿನಾ ಏನ್ ಮಾಡ್ತಾರ್ರೀ ಮಹೇಶ್ವರಪ್ಪಾರೆ? ನಾವು ನೋಡಿದಾಗೆಲ್ಲ ಆ್ಯಪು ಹಂಗೇ ಐತೆ."

ಮಹೇಶ್ವರಪ್ಪನವರಿಗೆ ಅವಮಾನವಾಯಿತು. "ಅವರು ಮಾಡಿದ ಒಂದೊಂದು ಕೆಲಸಾನೂ ಕಂಪ್ಯೂಟರಿನಾಗೆ ದಾಖಲಾಗ್ತೈತೆ. ನಾಳೆಯಿಂದ ನಿಮ್ಮ ವಾಟ್ಸಾಪ್ ಗುಂಪಿಗೇ ಬರ್ತೈತೆ, ನೋಡ್ಕಳ್ರಿ" ಎಂದು ಹೇಳಿಬಿಟ್ಟರು.

ದಾಖಲಾಗುತ್ತಿದ್ದುದು ನಿಜ. ಪ್ರೋಗ್ರಾಂ ಬರೆಯುವವರು ತಮ್ಮ ಬರಹದಲ್ಲಿ ಏನೇ ಬದಲಾಯಿಸಿದರೂ ಅದನ್ನು ಯಾರು, ಯಾವಾಗ, ಏಕೆ ಬದಲಾಯಿಸಿದರು ಎಂದು ಬರೆದಿಡುವ ಒಂದು ವ್ಯವಸ್ಥೆ ಇರುತ್ತದೆ. ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಲೂ ಅದರಲ್ಲಿ ದಾರಿಯಿದೆ. ಒಂದು ಆಜ್ಞೆ ಕೊಟ್ಟರೆ ಅದು ಈವರೆಗಿನ ಬದಲಾವಣೆಗಳನ್ನೆಲ್ಲ ಸಾಲಾಗಿ ತೋರಿಸುತ್ತದೆ. ಆದರೆ ಅದು ತೋರಿಸುವುದು ಅದರದೇ ಧಾಟಿಯಲ್ಲಿ. ಮಮತಾ ಮೊದಲ ದಿನ ಆ ಸಾಲುಗಳನ್ನು ಇದ್ದ ಹಾಗೆಯೇ ಗುಂಪಿಗೆ ಕಳಿಸಿದಳು. ನಲವತ್ತು ಅಕ್ಷರ ಉದ್ದದ ಒಂದು ಗುರುತಿನ ಸಂಖ್ಯೆ, ಇಮೇಲ್ ವಿಳಾಸ, ಇಂಗ್ಲಿಷಿನಲ್ಲಿ ವಾರ ತಿಂಗಳು, ಕೊನೆಗೆ ಒಂದು ಕೂಡುವ ಚಿಹ್ನೆ, ಅದರ ಮುಂದೆ ನಾಲ್ಕು ಅಂಕಿ.

"ಇದೇನ್ರೀ, ಟ್ರ್ಯಾಕ್ಟರಿನ ಚಾಸಿ ನಂಬರಾ?" ಎಂದು ಹೊನ್ನಾಳಿಯವರು ಕೇಳಿದರು. ಇನ್ನೊಬ್ಬರು ಕೊನೆಯ ಅಂಕಿಗಳಿಗೆ ಫೋನ್ ಮಾಡಲು ನೋಡಿ, ಹೋಗಲಿಲ್ಲವೆಂದು ದೂರು ಕೊಟ್ಟರು.

ಮಹೇಶ್ವರಪ್ಪನವರು ಮಮತಾಳ ಮೇಜಿನ ಪಕ್ಕ ಬಂದು ನಿಂತರು. "ಇದು ಜನಕ್ಕೆ ತಿಳಿಯೋ ಹಂಗೆ ಬರಾಂಗಿಲ್ಲೇನಮ್ಮ?"

"ಬರ್ತೈತೆ ಸಾರ್. ಅಚ್ಚು ಬದಲಾಯಿಸಬೇಕು."

"ಯಾವ ಅಚ್ಚು?"

"ಚಕ್ಕುಲಿ ಒರಳು ನೋಡೀರಲ್ಲ ಸಾರ್. ಹಿಟ್ಟು ಅದೇ, ಒರಳೂ ಅದೇ. ಕೆಳಗಿನ ಬಿಲ್ಲೆ ಬದಲಾಯಿಸಿದ್ರೆ ಚಕ್ಕುಲಿ ಹೋಗಿ ಖಾರದ ಶೇವು ಬರ್ತೈತೆ. ಹಂಗೆ ಇದಕ್ಕೂ ಒಂದು ಬಿಲ್ಲೆ ಬರೆದು ಕೊಟ್ರೆ, ಒಳಗಿರೋದನ್ನೇ ನಮಗೆ ಬೇಕಾದ ಆಕಾರದಾಗೆ ಬಿಡ್ತೈತೆ."

ಮಹೇಶ್ವರಪ್ಪನವರಿಗೆ ಚಕ್ಕುಲಿ ಇಷ್ಟ. ಮಾಡು ಎಂದರು.

ಮಮತಾ ಆ ದಿನವೆಲ್ಲ ಅಚ್ಚು ಬರೆಯುತ್ತ ಕೂತಳು. ಗುರುತಿನ ಸಂಖ್ಯೆಯನ್ನು ತೆಗೆದಳು. ಇಮೇಲ್ ತೆಗೆದು ಬರಿಯ ಹೆಸರು ಉಳಿಸಿದಳು. ತಾರೀಖಿನ ಜಾಗದಲ್ಲಿ 'ಹತ್ತು ನಿಮಿಷದ ಹಿಂದೆ', 'ಎರಡು ಗಂಟೆ ಹಿಂದೆ' ಎಂದು ಬರುವಂತೆ ಮಾಡಿದಳು. ಅವಳೂ ತಿಪ್ಪೇರುದ್ರನೂ ಪ್ರತಿ ಬದಲಾವಣೆಗೂ ಎರಡೇ ಪದದ ಟಿಪ್ಪಣಿ ಬರೆಯುತ್ತಿದ್ದರು. ಮೊದಲ ಪದ ಆ್ಯಪಿನ ಯಾವ ಭಾಗ ಎಂಬುದು, ಎರಡನೆಯದು ಅದಕ್ಕೇನಾಯಿತು ಎಂಬುದು. ಸೇರಿಸಿದ್ದರೆ 'ಆಡ್', ತೆಗೆದಿದ್ದರೆ 'ರಿಮೂವ್', ಸರಿಪಡಿಸಿದ್ದರೆ 'ಫಿಕ್ಸ್'. ಇವನ್ನು ಅಚ್ಚು ಕನ್ನಡಕ್ಕೆ ತಿರುಗಿಸಿಕೊಳ್ಳುವ ಹಾಗೆ ಬರೆದಳು. 'ಆಡ್' ಎಂದಿದ್ದರೆ 'ಬಂತು'. 'ರಿಮೂವ್' ಎಂದಿದ್ದರೆ 'ಹೋಯಿತು'. 'ಫಿಕ್ಸ್' ಎಂದಿದ್ದರೆ 'ಸರಿಹೋಯಿತು'. ತೆಗೆದದ್ದನ್ನು ವಾಪಸ್ ತಂದರೆ 'ಮತ್ತೆ ಬಂತು'. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಅಪ್ಪಟ ಕನ್ನಡದ ಸಾಲುಗಳು ಇಳಿದು, ತಾವಾಗಿಯೇ ಗುಂಪಿಗೂ ಹೋಗತೊಡಗಿದವು.

"ಕೆಂಪು ಗುಂಡಿ ಹೋಯಿತು. ಮಮತಾ, ಒಂದು ಗಂಟೆ ಹಿಂದೆ."

"ಹಸಿರು ಗುಂಡಿ ಬಂತು. ಮಮತಾ, ಅರ್ಧ ಗಂಟೆ ಹಿಂದೆ."

ಗುಂಪಿನವರಿಗೆ ಇದು ಹಿಡಿಸಿತು. ಬೆಳಿಗ್ಗೆ ಎದ್ದು ಅಡಿಕೆ ಧಾರಣೆ ನೋಡಿದ ಮೇಲೆ ಮಮತಾ ಏನು ಮಾಡಿದಳು ಎಂದು ನೋಡುವುದು ಕೆಲವರಿಗೆ ರೂಢಿಯಾಯಿತು. ತಿಪ್ಪೇರುದ್ರನ ಸಾಲುಗಳು ಮಾತ್ರ ತಕರಾರಿಗೆ ಗುರಿಯಾದವು. ಒಂದು ದಿನ ಅವನ ಹೆಸರಿನಲ್ಲಿ 'ನಕ್ಷೆ ಸರಿಹೋಯಿತು' ಎಂಬ ಸಾಲು ಮೂರು ಸಲ ಬಂತು.

"ಒಂದೇ ದಿನದಾಗೆ ಮೂರು ಸಲ ಸರಿಹೋಗ್ಬೇಕು ಅಂದ್ರೆ ನಡುವೆ ಎರಡು ಸಲ ಕೆಟ್ಟಿರಬೇಕಲ್ಲ" ಎಂದು ಗುಂಪಿನಲ್ಲಿ ಯಾರೋ ಲೆಕ್ಕ ಹಾಕಿದರು.

ಮಮತಾ ಅದನ್ನು ತಿಪ್ಪೇರುದ್ರನಿಗೆ ಓದಿ ಹೇಳಿದಳು. ಅವನು ಪರದೆಯಿಂದ ಕಣ್ಣು ತೆಗೆಯದೆ "ಹೌದು" ಎಂದ.

ಈ ನಡುವೆ ಒಂದು ದಿನ ಧರ್ಮಪ್ಪ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಸೂಳೆಕೆರೆ ಕೆಳಗಿನ ಒಂದು ಹಳ್ಳಿಯವರು. ನಾಲೆಯ ಕಟ್ಟಕಡೆಯ ತೂಬಿನಲ್ಲಿ ಅವರ ಗದ್ದೆ. ಹೆಂಡತಿ ತೀರಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಅವರೂ, ಸರಕಿನ ಆಟೋ ಓಡಿಸುವ ಮಗ ಕೃಷ್ಣನೂ ಇಬ್ಬರೇ. ಅವರು ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದರು.

"ನಿಮ್ಮ ಮೆಸೇಜು ಚೆಂದ ಐತೆ ಕಣವ್ವ. ಆದ್ರೆ ಅದನ್ನ ಓದಾಕೆ ಕನ್ನಡಕ ಬೇಕು. ಕನ್ನಡಕ ಮನ್ಯಾಗಿರ್ತೈತೆ, ನಾನು ಗದ್ದ್ಯಾಗಿರ್ತೀನಿ. ನೀರು ಬಂದಾಗ ಫೋನು ಹೊಡ್ಕಂಡ್ರೆ ಸಾಕು. ನಾನು ಎತ್ತಾಂಗಿಲ್ಲ. ಹೊಡ್ಕಂಡ್ರೆ ನೀರು ಅಂತ ತಿಳ್ಕಂತೀನಿ."

ಮಮತಾಳಿಗೆ ಇದು ಒಳ್ಳೆಯ ಯೋಚನೆ ಎನಿಸಿತು. ಸಂದೇಶ ಹೋದ ಕೂಡಲೇ ಒಂದು ನಂಬರಿನಿಂದ ಎಲ್ಲರ ಫೋನೂ ಬಡಿದುಕೊಳ್ಳುವಂತೆ ಮಾಡಿದಳು. ಜನ ಅದನ್ನು 'ಧರ್ಮಪ್ಪನ ಗಂಟೆ' ಎಂದು ಕರೆದರು. ಆ ನಂಬರನ್ನು ಬಹಳ ಮಂದಿ ತಮ್ಮ ಫೋನಿನಲ್ಲಿ 'ಧರ್ಮಪ್ಪ' ಎಂದೇ ಉಳಿಸಿಕೊಂಡರು. ಕಚೇರಿಯಲ್ಲೂ ಆ ಭಾಗದ ಹೆಸರು ಧರ್ಮಪ್ಪ ಎಂದಾಯಿತು. ಹಾಗಾಗಿ ಗುಂಪಿಗೆ ಹೋದ ಸಾಲು ಹೀಗಿತ್ತು: "ಧರ್ಮಪ್ಪ ಬಂತು. ಮಮತಾ, ಎರಡು ಗಂಟೆ ಹಿಂದೆ."

ಮರುದಿನವೇ ಧರ್ಮಪ್ಪ ಮತ್ತೆ ಮೆಟ್ಟಿಲು ಹತ್ತಿದರು. ಮಗ ಕೃಷ್ಣ ಅವರಿಗೆ ಗುಂಪಿನ ಸಾಲನ್ನು ಓದಿ ಹೇಳಿದ್ದ.

"ಬಂತು ಅಂದ್ರೇನವ್ವ? ನಾನೇನು ಎಮ್ಮೆನಾ?"

ಮಮತಾ ಅದು ಗಂಟೆಯ ವಿಷಯ, ಅವರ ವಿಷಯವಲ್ಲ ಎಂದು ಎರಡು ಸಲ ವಿವರಿಸಿದಳು. ಧರ್ಮಪ್ಪ ಎರಡು ಸಲವೂ ಕೇಳಿಸಿಕೊಂಡರು. "ಅದೆಲ್ಲ ಸರಿ. ಹೆಸರು ನಂದೇ ಐತಲ್ಲ" ಎಂದರು.

ಮಹೇಶ್ವರಪ್ಪನವರು ಒಳಗಿನಿಂದ ಎದ್ದು ಬಂದು ಧರ್ಮಪ್ಪನವರಿಗೆ ಚಹಾ ತರಿಸಿದರು. ಆಮೇಲೆ ಮಮತಾಳಿಗೆ ಹೇಳಿದರು, "ಬಂತು ಹೋಯಿತು ಎಲ್ಲಾ ತೆಗದು ಬಂದರು ಹೋದರು ಅಂತ ಹಾಕಿಬಿಡಮ್ಮ."

"ಮನುಷ್ಯರಿಗೆ ಬೇರೆ, ವಸ್ತುವಿಗೆ ಬೇರೆ ಅಂತ ಅಚ್ಚಿನಾಗೆ ಮಾಡ್ಬೋದು ಸಾರ್. ಒಂದಿಷ್ಟು ಹೊತ್ತು ಹಿಡಿತೈತೆ."

"ಅಷ್ಟೆಲ್ಲ ಯಾಕೆ? ಎಲ್ಲಾರಿಗೂ ಮರ್ಯಾದೆ ಕೊಟ್ರೆ ನಷ್ಟ ಏನೈತೆ?"

ಹೀಗೆ ಎಲ್ಲಕ್ಕೂ ಮರ್ಯಾದೆ ಬಂತು. "ಹಳದಿ ಗುಂಡಿ ಬಂದರು" ಎಂದು ಗುಂಪಿಗೆ ಹೋದಾಗ, ಹೊನ್ನಾಳಿಯವರು ಹಳದಿ ಗುಂಡಿಯವರಿಗೆ ಸ್ವಾಗತ ಎಂದು ಕೈಮುಗಿದ ಚಿತ್ರ ಹಾಕಿದರು. ತಿಪ್ಪೇರುದ್ರನ ನಕ್ಷೆಯವರು ದಿನಕ್ಕೆರಡು ಸಲ ಸರಿಹೋಗುತ್ತಿದ್ದರು. ಧರ್ಮಪ್ಪನವರಿಗೂ ಸಮಾಧಾನವಾಯಿತು.

ಆದರೆ ಗಂಟೆಯ ಬಗ್ಗೆ ಹೊನ್ನಾಳಿ ಕಡೆಯಿಂದ ದೂರು ಬರತೊಡಗಿತು. ಅಲ್ಲಿನವರ ಗದ್ದೆಗಳು ನಾಲೆಯ ತಲೆಭಾಗದಲ್ಲಿದ್ದವು. ನೀರು ಬರುವುದು ಕಣ್ಣಿಗೇ ಕಾಣುತ್ತಿತ್ತು. ಊಟಕ್ಕೆ ಕೂತಾಗ, ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಧರ್ಮಪ್ಪ ಬಡಿದುಕೊಳ್ಳುವುದು ಅವರಿಗೆ ಬೇಡವಾಗಿತ್ತು. ಮಹೇಶ್ವರಪ್ಪನವರು ಗಂಟೆಯನ್ನು ತೆಗೆದುಬಿಡು ಎಂದರು.

ಮಮತಾ ಒಂದು ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದವಳೇ ಅದನ್ನು ತೆಗೆದಳು. ಟಿಪ್ಪಣಿ ಬರೆದಳು. ಗುಂಪಿನ ಸದ್ದನ್ನು ಅವಳು ತನ್ನ ಫೋನಿನಲ್ಲಿ ಮುಂಚೆಯೇ ಅಡಗಿಸಿಟ್ಟಿದ್ದಳು. ಬೇರೆ ಕೆಲಸ ಹಿಡಿದಳು.

ಅತ್ತ ಗುಂಪಿನಲ್ಲಿ ಸಾಲು ಇಳಿಯಿತು: "ಧರ್ಮಪ್ಪ ಹೋದರು. ಮಮತಾ, ಹತ್ತು ನಿಮಿಷದ ಹಿಂದೆ."

ಹೊನ್ನಾಳಿಯವರೊಬ್ಬರು ಮೊದಲು ಕೈಮುಗಿದರು. ಇನ್ನೊಬ್ಬರು ದೀಪದ ಚಿತ್ರ ಹಾಕಿದರು. 'ಒಳ್ಳೆ ಮನುಷ್ಯ', 'ಮೊನ್ನೆ ಸಂತ್ಯಾಗೆ ಸಿಕ್ಕಿದ್ರು, ಚೆನ್ನಾಗಿದ್ರು', 'ಹೆಂಗಾತು?' ಎಂದೆಲ್ಲ ಬರತೊಡಗಿತು. ಹೇಗಾಯಿತು ಎಂಬುದಕ್ಕೆ ಉತ್ತರ ಗೊತ್ತಿಲ್ಲದವರು ಎದೆನೋವು ಎಂದರು. ಸಂಘದ ಚುನಾವಣೆಗೆ ತೆಗೆಸಿದ್ದ ಧರ್ಮಪ್ಪನವರ ಫೋಟೋ ಯಾರ ಬಳಿಯೋ ಇತ್ತು. ಅದರ ಸುತ್ತ ಹೂವಿನ ಚೌಕಟ್ಟು ಬಂತು.

ಕೆಲವರು ವಿವೇಕಿಗಳು, ಖಚಿತ ಮಾಡಿಕೊಳ್ಳೋಣ ಎಂದು ಧರ್ಮಪ್ಪನವರಿಗೇ ಫೋನ್ ಮಾಡಿದರು.

ಧರ್ಮಪ್ಪ ಆಗ ಜಗಲಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಕೃಷ್ಣ ಬೆಳಿಗ್ಗೆಯೇ ಆಟೋ ತೆಗೆದುಕೊಂಡು ಹೊನ್ನಾಳಿಗೆ ಹೋಗಿದ್ದ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ನೀರು ಬಂತು ಎಂದುಕೊಂಡು ಅವರು ಕೈ ತೊಳೆದು, ಮನೆಗೆ ಬೀಗ ಹಾಕಿ, ಸಲಿಕೆ ಹೆಗಲಿಗಿಟ್ಟು ಹೊರಟರು. ದಾರಿಯಲ್ಲಿ ಮತ್ತೆ ಹೊಡೆದುಕೊಂಡಿತು. ಇವತ್ತು ನೀರು ಜೋರಿರಬೇಕು ಎಂದುಕೊಂಡು ಹೆಜ್ಜೆ ಬೀಸಿದರು. ಗದ್ದೆ ಮುಟ್ಟಿದಾಗ ಕಾಲುವೆ ಒಣಗಿತ್ತು. ಫೋನು ಮಾತ್ರ ನಿಲ್ಲಲಿಲ್ಲ. ಅದು ಬಡಿದುಕೊಂಡಾಗಲೆಲ್ಲ ಅವರು ಎದ್ದು ಕಾಲುವೆಯ ಮೇಲ್ತಲೆಗೆ ಕಣ್ಣು ಹಾಯಿಸುತ್ತಿದ್ದರು. ಒಂದು ಸಲವೂ ಎತ್ತಲಿಲ್ಲ. ಎತ್ತುವುದು ಒಪ್ಪಂದದಲ್ಲಿರಲಿಲ್ಲ.

ಫೋನು ಎತ್ತದಿದ್ದುದರಿಂದ ಕೇಳಿದವರ ಅನುಮಾನ ಹೋಯಿತು. ಊರಿನವರು ಮನೆಯ ಹತ್ತಿರ ಬಂದು ನೋಡಿದರು. ಬಾಗಿಲಿಗೆ ಬೀಗ. "ದೊಡ್ಡಾಸ್ಪತ್ರೆಗೆ ತಗಂಡು ಹೋಗಿರ್ಬೇಕು, ಅಲ್ಲೇ ಆಗೈತೆ" ಎಂದು ತೀರ್ಮಾನಿಸಿದರು.

ಕಚೇರಿಗೆ ಮಹೇಶ್ವರಪ್ಪನವರು ತಡವಾಗಿ ಬಂದರು. ಬಂದವರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು.

"ಎದ್ದು ನಿಂತ್ಕಳ್ರಿ ಇಬ್ರೂ. ಧರ್ಮಪ್ಪ ಹೋಗಿಬಿಟ್ರಂತೆ. ಗುಂಪಿನಾಗೆ ಹಾಕ್ಯಾರೆ."

ಮಮತಾಳ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಅವರು ನಿಂತು ಚಹಾ ಕುಡಿದಿದ್ದು, ಎಮ್ಮೆನಾ ಎಂದು ಕೇಳಿದ್ದು ಕಣ್ಣ ಮುಂದೆ ಬಂತು. ಮೂವರೂ ತಲೆ ತಗ್ಗಿಸಿ ನಿಂತರು. ಕೆಳಗಿನ ಅಂಗಡಿಯಲ್ಲಿ ಯೂರಿಯಾ ಮೂಟೆ ಇಳಿಸುವ ಸದ್ದು ಮಾತ್ರ ಕೇಳುತ್ತಿತ್ತು.

ಕೂತ ಮೇಲೆ ಮಮತಾ ಕಣ್ಣೊರೆಸಿಕೊಂಡಳು. "ಪಾಪ. ಇವತ್ತೇ ಬೆಳಿಗ್ಗೆ ಅವರ ಗಂಟೆ ತೆಗದ್ನಲ್ಲ ಸಾರ್. ಒಂದಿನ ತಡ ಮಾಡಿದ್ರೆ ಏನಾಗ್ತಿತ್ತು. ಅವರಿಗೆ ಗೊತ್ತಾಗಿ ಮನಸಿಗೆ ಹಚ್ಕಂಡ್ರೋ ಏನೋ."

"ಹಂಗೆಲ್ಲ ಅನಕಬ್ಯಾಡಮ್ಮ. ಆಯುಷ್ಯ ಯಾರ ಕೈಯಾಗೈತೆ" ಎಂದು ಮಹೇಶ್ವರಪ್ಪನವರು ಸಮಾಧಾನ ಹೇಳಿ, ಹಾರ ತರಿಸಲು ಫೋನ್ ತೆಗೆದರು. ದೊಡ್ಡದು, ಸುಗಂಧರಾಜದ್ದು ಎಂದರು.

ತಿಪ್ಪೇರುದ್ರ ತನ್ನ ಫೋನಿನಲ್ಲಿ ಗುಂಪನ್ನು ತೆರೆದು, ಕೈಮುಗಿದವರನ್ನೆಲ್ಲ ದಾಟಿ ಮೇಲೆ ಮೇಲೆ ಹೋದ. ಮೊದಲ ಸಾಲು ಸಿಕ್ಕಿತು. ಅದನ್ನು ಓದಿದ.

"ಸಾರ್. ಹಾರ ಬ್ಯಾಡ ಅನ್ರಿ."

"ಯಾಕೆ?"

"ಸುದ್ದಿ ನಮ್ದೇ."

ಫೋನನ್ನು ಮೇಜಿನ ಮೇಲಿಟ್ಟ. ಮಹೇಶ್ವರಪ್ಪನವರು ಓದಿದರು. ಮಮತಾ ಓದಿದಳು. ಧರ್ಮಪ್ಪ ಹೋದರು ಎಂಬುದರ ಪಕ್ಕದಲ್ಲಿ ಅವಳದೇ ಹೆಸರಿತ್ತು. ನಗು ಬರಬೇಕಾದ ಜಾಗದಲ್ಲಿ ಅಳುವೇ ಮುಂದುವರಿಯಿತು. ಅಳಲು ಈಗ ಬೇರೆ ಕಾರಣವಿತ್ತು.

"ವಾಪಸ್ ತಗಳಮ್ಮ" ಎಂದರು ಮಹೇಶ್ವರಪ್ಪ. ಅವರ ಧ್ವನಿ ಸಣ್ಣದಾಗಿತ್ತು. "ತಪ್ಪಾದ್ರೆ ಹಿಂದಕ್ಕೆ ಹೋಗ್ಬೋದು ಅಂತಿದ್ಯಲ್ಲ. ಹೋಗು."

ಮಮತಾ ಯೋಚಿಸಲಿಲ್ಲ. ಬೆಳಗಿನ ಬದಲಾವಣೆಯನ್ನು ರದ್ದು ಮಾಡುವ ಆಜ್ಞೆ ಕೊಟ್ಟಳು. ಗಂಟೆ ಆ್ಯಪಿಗೆ ಮರಳಿತು. ಅಚ್ಚು ತನ್ನ ಕೆಲಸವನ್ನು ಅಷ್ಟೇ ನಿಷ್ಠೆಯಿಂದ ಮಾಡಿತು. ಗುಂಪಿನಲ್ಲಿ ಹೂವಿನ ಚೌಕಟ್ಟಿನ ಫೋಟೋದ ಕೆಳಗೆ ಹೊಸ ಸಾಲು ಬಂದು ಕೂತಿತು: "ಧರ್ಮಪ್ಪ ಮತ್ತೆ ಬಂದರು. ಮಮತಾ, ಈಗ ತಾನೆ."

ಅದೊಂದೇ ಆಗಿದ್ದರೆ ಜನ ಅನುಮಾನದಿಂದ ನೋಡಿ ಬಿಡುತ್ತಿದ್ದರೇನೋ. ಆದರೆ ಹೊನ್ನಾಳಿ ಕಡೆಯ ನೀರುಗಂಟಿ ಬೆಳಿಗ್ಗೆ ತೂಬು ಎತ್ತಿ ಗುಂಡಿ ಒತ್ತಿದ್ದ. ಗಂಟೆ ಇಲ್ಲದ್ದರಿಂದ ಆಗ ಬಡಿಯಬೇಕಾದದ್ದು ಬಡಿಯದೆ ಬಾಕಿ ಉಳಿದಿತ್ತು. ಗಂಟೆ ಮರಳಿದ ಕ್ಷಣ ಬಾಕಿಯೆಲ್ಲ ಒಟ್ಟಿಗೆ ಹೊರಟಿತು. ಹೊನ್ನಾಳಿಯ ಸಂಘದವರ ಫೋನುಗಳೆಲ್ಲ ಏಕಕಾಲಕ್ಕೆ ಬಡಿದುಕೊಂಡವು. ಪರದೆಯ ಮೇಲೆ 'ಧರ್ಮಪ್ಪ' ಎಂದು ಬರುತ್ತಿತ್ತು.

ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ ಒಬ್ಬರು ಫೋನನ್ನು ತಟ್ಟೆಯೊಳಗೇ ಬಿಟ್ಟರು. ಇನ್ನೊಬ್ಬರು ಧೈರ್ಯ ಮಾಡಿ ಎತ್ತಿದರು. ಆಚೆಯಿಂದ ಯಾವ ಮಾತೂ ಬರಲಿಲ್ಲ, ಕರೆ ತಾನಾಗಿಯೇ ನಿಂತುಹೋಯಿತು. ಅವರು ಗುಂಪಿನಲ್ಲಿ ಬರೆದರು: "ಎತ್ತಿದೆ. ಸುಮ್ಮನಿದ್ದರು."

ಕಚೇರಿಯಲ್ಲಿ ಮಮತಾ ಎರಡೂ ಕೈಗಳಿಂದ ತಲೆ ಹಿಡಿದುಕೊಂಡು ಕೂತಿರುವಾಗ ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದಾಯಿತು. ಮೊಣಕಾಲವರೆಗೆ ಧೂಳು ಹತ್ತಿದ ಧರ್ಮಪ್ಪ ಸಲಿಕೆಯ ಸಮೇತ ಒಳಗೆ ಬಂದರು. ಕಾದು ಕಾದು ಬೇಸತ್ತು, ಗದ್ದೆಯ ಬದುವಿನ ಮೇಲಿಂದಲೇ ರಸ್ತೆಗೆ ಹೋಗಿ ಚನ್ನಗಿರಿ ಬಸ್ಸು ಹತ್ತಿದ್ದರು.

"ಬೆಳಿಗ್ಗೆಯಿಂದ ಇಷ್ಟು ಸಲ ಹೊಡ್ಕಂಡೈತೆ" ಎಂದು ಫೋನನ್ನು ಮಮತಾಳ ಮುಂದೆ ಹಿಡಿದರು. "ಒಂದು ಬೊಗಸೆ ನೀರು ಬಂದಿಲ್ಲ. ಇದೆಂಥ ಗಂಟೆ ಕಣವ್ವ?"

ಮಹೇಶ್ವರಪ್ಪನವರು ಅವರ ಕೈಯನ್ನು ಮುಟ್ಟಿ ನೋಡಿದರು. ಬೆಚ್ಚಗಿತ್ತು. ಆಮೇಲೆ ಅವರನ್ನು ಒತ್ತಾಯ ಮಾಡಿ ಕುರ್ಚಿಯಲ್ಲಿ ಕೂರಿಸಿ, ನಡೆದುದನ್ನು ಹೇಳಿದರು. ಧರ್ಮಪ್ಪ ಗಂಭೀರವಾಗಿ ಕೇಳಿದರು.

"ಯಾರ್ಯಾರು ಅತ್ತಾರೆ?"

"ಎಲ್ಲಾರೂ ಕೈ ಮುಗದಾರೆ."

"ಕೈ ಯಾರಾದ್ರೂ ಮುಗೀತಾರೆ" ಎಂದರು ಧರ್ಮಪ್ಪ. "ನ್ಯಾಮತಿಗೆ ಸುದ್ದಿ ಮುಟ್ಟಿತಾ?"

ನ್ಯಾಮತಿಯಲ್ಲಿ ಅವರ ತಂಗಿ ಉಡಚಮ್ಮ ಇದ್ದಳು. ಮುಟ್ಟಿತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಕೃಷ್ಣನ ಫೋನು ಹತ್ತುತ್ತಿರಲಿಲ್ಲ. ಧರ್ಮಪ್ಪ ಬದುಕಿದ್ದಾರೆಂದು ಗುಂಪಿಗೆ ಹಾಕಿದ ಮಾತು ಕೈಮುಗಿದವರ ಸಾಲಿನಲ್ಲಿ ಮುಳುಗಿಹೋಯಿತು. ಗುಂಪಿಗೆ ಸಾಲು ಹೋಗುವುದನ್ನು ಮಮತಾ ಪೂರ್ತಿ ನಿಲ್ಲಿಸಿದಳು. ಮಹೇಶ್ವರಪ್ಪನವರು ಕಾರು ತೆಗೆದರು. ಮಮತಾ ಕ್ಷಮೆ ಕೇಳಲೆಂದು, ಲ್ಯಾಪ್‌ಟಾಪು ಎದೆಗವಚಿಕೊಂಡು ಹಿಂದೆ ಕೂತಳು. ತಿಪ್ಪೇರುದ್ರ ಕಚೇರಿ ಕಾಯಲು ಉಳಿದ. ಹಾರ ಬಂದರೆ ಇಳಿಸಿಕೊಳ್ಳಲು ಒಬ್ಬರು ಬೇಕಿತ್ತು. ಅದನ್ನು ಬೇಡವೆನ್ನಲು ಯಾರಿಗೂ ನೆನಪಾಗಿರಲಿಲ್ಲ.

ಧರ್ಮಪ್ಪನವರ ಮನೆಯ ಮುಂದೆ ಜನ ತುಂಬಿದ್ದರು. ಸುದ್ದಿ ಮುಟ್ಟಿತ್ತು. ಉಡಚಮ್ಮ ನ್ಯಾಮತಿಯಿಂದ ಹೊನ್ನಾಳಿಗೆ, ಅಲ್ಲಿಂದ ಇತ್ತ ಬಸ್ಸು ಬದಲಾಯಿಸಿ ಬಂದಿದ್ದಳು. ಕೃಷ್ಣನೂ ಹೊನ್ನಾಳಿಯಿಂದ ಓಡಿ ಬಂದು, ತಂದೆಯನ್ನು ಯಾವ ಆಸ್ಪತ್ರೆಗೆ ಒಯ್ದಿದ್ದಾರೆಂದು ತಿಳಿಯದೆ ಆಸ್ಪತ್ರೆಗಳಿಗೆಲ್ಲ ಫೋನು ಹಚ್ಚಿ ಕೂತಿದ್ದ. ದೇಹ ಬರುವ ಮುನ್ನವೇ ಅತ್ತೆ ಅಳಿಯನ ನಡುವೆ ಒಂದು ವಾದ ಹತ್ತಿತ್ತು. ಬಂದ ಮೇಲೆ ರಾತ್ರಿಯೆಲ್ಲ ಭಜನೆ ಆಗಬೇಕು ಎಂದು ಉಡಚಮ್ಮ, ಅಪ್ಪನಿಗೆ ಅದೆಲ್ಲ ಹಿಡಿಸುತ್ತಿರಲಿಲ್ಲ, ಬುದ್ಧವಂದನೆ ಸಾಕು ಎಂದು ಕೃಷ್ಣ. ವಾದಿಸಿ ಸಾಕಾಗಿ ಉಡಚಮ್ಮ ಹೊಸ್ತಿಲಿಗೆ ಒರಗಿ, ಬಾಗಿಲ ಕಡೆ ಮುಖ ಮಾಡಿ, ಹಾಡಿಕೊಂಡು ಅಳಲು ಶುರುಮಾಡಿದ್ದಳು. ಸುತ್ತ ಕೂತ ಹೆಂಗಸರು ಸೆರಗು ಕಚ್ಚಿಕೊಂಡಿದ್ದರು.

ಕಾರು ಬೀದಿಯ ತುದಿಯಲ್ಲೇ ನಿಂತಿತು. ಮಹೇಶ್ವರಪ್ಪನವರು ಮುಂದೆ ಹೋಗಿ ಹೇಳಲು ಹೊರಟಾಗ ಧರ್ಮಪ್ಪ ಅವರ ತೋಳು ಹಿಡಿದರು.

"ತಡೀರಿ. ಏನಂತಾಳೆ ಕೇಳಾಣ."

ಜನರ ಹಿಂದೆ ಹೋಗಿ ನಿಂತರು. ಎಲ್ಲರೂ ಬಾಗಿಲ ಕಡೆಗೇ ನೋಡುತ್ತಿದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

"ಕೊನೇ ತೂಬಿನ ನೀರು ಕಾದು ಕಾದು ಸವದ್ಯಲ್ಲೋ ನನ್ನಣ್ಣ. ಬರ್ತೀನಿ ಬರ್ತೀನಿ ಅಂತ ನ್ಯಾಮತಿಗೆ ಒಂದಿನ ಬರಲಿಲ್ಲಲ್ಲೋ. ಬಾಯಿ ಜೋರಿದ್ರೂ ಮನಸು ಬೆಣ್ಣಿ ಆಗಿತ್ತಲ್ಲೋ."

ಧರ್ಮಪ್ಪ ತಲೆ ಆಡಿಸಿದರು.

"ನನ್ನ ಮದುವಿಗೆ ಹಸಿರು ಸೀರಿ ತಂದ್ಯಲ್ಲೋ ನನ್ನಣ್ಣ. ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತಲ್ಲೋ."

"ಆ ಸೀರೆ ಆರಿಸಿದಾಕಿ ನೀನೇ" ಎಂದರು ಧರ್ಮಪ್ಪ ಹಿಂದಿನಿಂದ. "ನಾನು ಕೆಂಪಂದು ತೋರಿಸಿದ್ದೆ."

"ಕೆಂಪಂದರ ಅಂಚು ಚೆಂದಿರಲಿಲ್ಲ" ಎಂದಳು ಉಡಚಮ್ಮ, ತಿರುಗಿ ನೋಡದೆ. ಇದು ಅವರಿಬ್ಬರ ನಡುವೆ ನೂರಾರು ಸಲ ಆಗಿದ್ದ ಮಾತು. ಹೇಳಿ ಮುಗಿಸಿದ ಮೇಲೆ ಅವಳ ಬಾಯಿ ತೆರೆದಂತೆಯೇ ಉಳಿಯಿತು.

ಹೆಂಗಸರಲ್ಲಿ ಒಬ್ಬರಿಬ್ಬರು ಎದ್ದು ಹಿಂದೆ ಸರಿದರು. ಕೃಷ್ಣ ಫೋನು ಕಿವಿಗಿಟ್ಟುಕೊಂಡೇ ನಡೆದು ಬಂದು, ಅಪ್ಪನ ಮುಖವನ್ನೂ ಸಲಿಕೆಯನ್ನೂ ಕಾಲಿನ ಧೂಳನ್ನೂ ನೋಡಿ, ಆ ಕಡೆ ಮಾತಾಡುತ್ತಿದ್ದ ಆಸ್ಪತ್ರೆಯವರಿಗೆ "ಸಿಕ್ರು, ಇಡ್ರಿ" ಎಂದ. ಉಡಚಮ್ಮ ಎದ್ದು ಬಂದಳು. ಅಣ್ಣನ ಭುಜಕ್ಕೆ ಒಂದು ಏಟು ಕೊಟ್ಟಳು. ಆಮೇಲೆ ಅದೇ ಭುಜ ಹಿಡಿದುಕೊಂಡು ಅತ್ತಳು. ಈ ಸಲ ಹಾಡಿಲ್ಲದೆ ಅತ್ತಳು.

"ಎರಡು ಬಸ್ಸು ಬದಲಾಯಿಸಿ ಬಂದೀನಿ. ಕಂಡಕ್ಟರ್ ಮುಂದೆ ಅತ್ತೀನಿ" ಎಂದಳು.

ಮಮತಾ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವಳ ಮುಂದೆ ನಿಂತಳು. ತಾನೇ ಬರೆದವಳು, ತಪ್ಪಾಯಿತು ಎಂದಳು. ಅಚ್ಚು, ಬಿಲ್ಲೆ, ಬಂತು, ಬಂದರು ಎಲ್ಲವನ್ನೂ ವಿವರಿಸಿದಳು. ಉಡಚಮ್ಮನಿಗೆ ಅದರಲ್ಲಿ ಏನು ತಿಳಿಯಿತೋ, ಹುಡುಗಿಯ ಕಣ್ಣು ಊದಿರುವುದು ಮಾತ್ರ ಕಂಡಿತು.

"ಬೆಳಿಗ್ಗೆ ಏನಾರ ತಿಂದಿಯೇನು?" ಎಂದು ಕೇಳಿದಳು.

ಅಷ್ಟರಲ್ಲಿ ಧರ್ಮಪ್ಪ ಜಗಲಿಯ ಮೇಲೆ ಕೂತಿದ್ದರು. ಭಜನೆಯೋ ವಂದನೆಯೋ ಎಂಬ ವಾದ ನಡೆದದ್ದು ಅವರ ಕಿವಿಗೆ ಬಿದ್ದಿತ್ತು. "ಎರಡೂ ಮಾಡ್ರಿ. ಮೊದಲು ವಂದನೆ, ಆಮ್ಯಾಲೆ ಭಜನೆ. ಆದ್ರೆ ಇವತ್ತಲ್ಲ" ಎಂದು ತೀರ್ಪು ಕೊಟ್ಟರು. ಜನ ನಕ್ಕರು. ಅವರೂ ನಕ್ಕರು. ನಗು ಮುಗಿದ ಮೇಲೆ ಮಮತಾಳನ್ನು ಹತ್ತಿರ ಕರೆದರು.

"ಬೆಳಿಗ್ಗೆ ನೀನು ಗಂಟೆ ತೆಗದಿದ್ದು ನಿಜಾನೇನವ್ವ?"

"ನಿಜ."

"ಯಾಕೆ?"

ಮಮತಾ ಹೊನ್ನಾಳಿಯವರ ತೊಂದರೆಯನ್ನು ಹೇಳಿದಳು. ಧರ್ಮಪ್ಪನವರ ಮುಖ ಆ ದಿನ ಸಪ್ಪಗಾದದ್ದು ಆಗ ಮಾತ್ರ.

"ಅವರು ತಲೆ ಮ್ಯಾಲಿನವರು. ನೀರು ಅವರ ಮನೆ ಬಾಗಿಲಿಗೇ ಬರ್ತೈತೆ. ನಾನು ಹೋದೆ ಅಂದ್ರೆ ಇಷ್ಟು ಜನ ಬಂದ್ರು. ಗಂಟೆ ಹೋದ್ರೆ ಯಾರು ಕೇಳ್ತಿದ್ರು? ತೆಗೆಯಾಕೆ ಮೊದಲು ನನ್ನ ಒಂದು ಮಾತು ಕೇಳ್ಬೇಕಿತ್ತು."

ಮಮತಾ ಹೌದು ಎಂದಳು. ಜಗಲಿಯ ಮೇಲೆಯೇ ಲ್ಯಾಪ್‌ಟಾಪು ತೆರೆದು ಕೂತಳು. ಗಂಟೆ ಬೇಕೆಂದವರಿಗೆ ಮಾತ್ರ ಬಡಿಯುವಂತೆ, ಬೇಡದವರಿಗೆ ಸುಮ್ಮನಿರುವಂತೆ ಬದಲಾಯಿಸತೊಡಗಿದಳು. ಮೊದಲೇ ಹಾಗೆ ಮಾಡಬಹುದಿತ್ತು. ಯಾರೂ ಕೇಳಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಸುತ್ತ ಮಕ್ಕಳು ಮುತ್ತಿಕೊಂಡರು. ಸಾವಿನ ಮನೆಗೆಂದು ನೆರೆಯವರು ಮಾಡಿ ತಂದ ಅನ್ನ ಸಾರು ಅಷ್ಟೊತ್ತಿಗೆ ಬಂದಿತ್ತು. ಅದನ್ನು ಉಡಚಮ್ಮ ಎಲ್ಲರಿಗೂ ಬಡಿಸಿದಳು. ಮೊದಲ ತಟ್ಟೆಯನ್ನು ಧರ್ಮಪ್ಪ ತಾವೇ ತೆಗೆದುಕೊಂಡರು. ಮಹೇಶ್ವರಪ್ಪನವರಿಗೆ ಅದನ್ನು ತಿನ್ನಬಹುದೋ ಬಾರದೋ ಎಂದು ಅನುಮಾನವಿತ್ತು, ಸಾರಿನ ವಾಸನೆಗೆ ತಿಂದರು.

ಆ ವಾರವೇ ಮಮತಾ ಅಚ್ಚನ್ನು ಬಿಚ್ಚಿ ಮತ್ತೆ ಕಟ್ಟಿದಳು. ಬಂದರು ಹೋದರು ಎಂಬ ಮಾತುಗಳನ್ನೇ ತೆಗೆದಳು. ಯಾರು ಯಾವ ಭಾಗಕ್ಕೆ ಏನು ಮಾಡಿದರು ಎಂದು ಸಾಲು ಪೂರ್ತಿ ವಾಕ್ಯವಾಗಿ ಬರುವಂತೆ ಬರೆದಳು. ಗುಂಪಿನಲ್ಲಿ ಕೆಲವರಿಗೆ ಇದು ಸಪ್ಪೆ ಎನಿಸಿತು. ಹಳದಿ ಗುಂಡಿಯವರು ಹೇಗಿದ್ದಾರೆ ಎಂದು ಆಗಾಗ ವಿಚಾರಿಸುತ್ತಿದ್ದರು.

ಸುದ್ದಿ ದೂರ ಹೋಗಿತ್ತು. ಸತ್ತವರನ್ನು ವಾಪಸ್ ಕರೆತಂದ ಆ್ಯಪು ಎಂದು ಅದಕ್ಕೆ ಹೆಸರು ಬಂದು, ಜಗಳೂರಿನ ಕಡೆಯ ಒಂದು ಹಳ್ಳಿಯಿಂದ ಮಹೇಶ್ವರಪ್ಪನವರಿಗೆ ಕರೆ ಬಂತು. ಅಲ್ಲಿ ನಾಲೆ ಇರಲಿಲ್ಲ. ಕೊಳವೆಬಾವಿಯ ನೀರನ್ನು ಓಣಿ ಓಣಿಗೆ ಪಾಳಿಯಲ್ಲಿ ಬಿಡುತ್ತಿದ್ದರು, ಪಾಳಿ ಯಾರದೆಂದು ಜಗಳವಾಗುತ್ತಿತ್ತು. ಮೂವರೂ ಹೋದರು. ಸಮುದಾಯ ಭವನದಲ್ಲಿ ಊರು ಸೇರಿತ್ತು. ಹಿರಿಯರಾದ ಜಂಪಣ್ಣ ಮುಂದಿನ ಸಾಲಿನಲ್ಲಿ ಕೂತಿದ್ದರು.

"ಸತ್ತೋರು ಎದ್ದು ಬಂದ ಆ್ಯಪು ಇದೇ ಏನ್ರಿ?"

ಮಹೇಶ್ವರಪ್ಪನವರು ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ.

"ನಮಗೆ ಅಷ್ಟೆಲ್ಲ ಬ್ಯಾಡ್ರಿ. ನೀರು ಬಂದ್ರೆ ಸಾಕು" ಎಂದರು ಜಂಪಣ್ಣ. "ಇನ್ನೊಂದು. ಗುಂಪಿಗೆ ಏನ್ ಕಳಿಸ್ತೀರೋ ಅದನ್ನ ಒಂದು ಸಲ ನಮ್ಮ ಮುಂದೆ ಓದ್ರಿ. ಕೇಳಿದ ಮ್ಯಾಲೆ ಸೇರ್ತೀವೋ ಇಲ್ಲೋ ಹೇಳ್ತೀವಿ."

ಮಮತಾ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. ಅವತ್ತಿನ ಮಟ್ಟಿಗೆ ಒಂದೇ ಸಾಲಿತ್ತು. ಗಟ್ಟಿಯಾಗಿ ಓದಿದಳು. "ತಿಪ್ಪೇರುದ್ರ ಅವರು ಇಂದು ಬೆಳಿಗ್ಗೆ ಜಗಳೂರನ್ನು ನಕ್ಷೆಗೆ ಸೇರಿಸಿದರು."

ಸಭೆ ಆ ವಾಕ್ಯವನ್ನು ಒಂದು ಗಳಿಗೆ ತೂಗಿ ನೋಡಿತು. ಕೆಡುಕೇನೂ ಕಾಣಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಉಚ್ಚಂಗೆಮ್ಮ ಎಂಬ ಮುದುಕಿ ಕೈ ಎತ್ತಿದಳು.

"ಇಷ್ಟು ದಿನ ಎಲ್ಲಿತ್ತಪ್ಪ?"

ಮಮತಾ ವಿವರಿಸಲು ಬಾಯಿ ತೆರೆದಳು. ತಿಪ್ಪೇರುದ್ರ ಕೂತಲ್ಲಿಂದಲೇ ಉತ್ತರ ಕೊಟ್ಟ.

"ಹೊಸ ಜಿಲ್ಲೆ ಆಗೋ ಮೊದಲು ಚಿತ್ರದುರ್ಗ ಜಿಲ್ಲೇಲಿತ್ತು ಅಜ್ಜಿ."

"ಹಂಗಾರೆ ಸರಿ" ಎಂದಳು ಉಚ್ಚಂಗೆಮ್ಮ. ಸಭೆಯಲ್ಲಿ ಹಲವರು ತಲೆಯಾಡಿಸಿದರು. ಜಂಪಣ್ಣ ಚಹಾ ತರಲು ಹೇಳಿ, ಮೊದಲ ಪಾಳಿ ಯಾವ ಓಣಿಯದು ಎಂಬ ಮಾತು ತೆಗೆದರು. ಜಗಳ ಅಲ್ಲಿಂದ ಶುರುವಾಯಿತು.